ನಾಲೆ ನೀರು, ಹಳೆ ಗೋಡೆ: ರಾಯಚೂರು ಜಿಲ್ಲೆಯ ಒಂದು ಥೇಟರ್ ಉಳಿದ ಪ್ರಕರಣ

ಇದು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಪ್ರಕರಣ. ಊರಿನ ಹೆಸರು, ಮನೆತನದ ಹೆಸರು, ಥೇಟರಿನ ಹೆಸರು ಮೂರನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕಟ್ಟಡದ ಕಾಯಿಲೆ ಮತ್ತು ಅದಕ್ಕೆ ಮಾಡಿದ ಉಪಚಾರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ನಾನು ಈ ಕೆಲಸದಲ್ಲಿ ಸಲಹೆ ಕೊಡುವ ಇಂಜಿನಿಯರ್ ಆಗಿದ್ದೆ.

ಹಿನ್ನೆಲೆ

ಬಳ್ಳಾರಿಯ ರಂಗಭೂಮಿಯ ಕಥೆ ಬಹಳ ಜನಕ್ಕೆ ಗೊತ್ತು. ಅದು ಮದ್ರಾಸ್ ಪ್ರಾಂತ್ಯದ ಊರು. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ, ಆಮೇಲೆ ನಟ ಬಳ್ಳಾರಿ ರಾಘವ. ಈ ಮೂವರೂ ವಕೀಲರು. ಹಗಲು ಕೋರ್ಟು, ರಾತ್ರಿ ನಾಟಕ. ಹವ್ಯಾಸಿಗಳ ರಂಗಭೂಮಿ ಅದು.

ತುಂಗಭದ್ರೆ ದಾಟಿ ಈ ಕಡೆ ಬಂದರೆ ನಿಜಾಮರ ಸೀಮೆ. ಇಲ್ಲಿ ನಾಟಕ ಅಂದರೆ ಕಂಪನಿ ನಾಟಕ. ಜಾತ್ರೆ ನೋಡಿಕೊಂಡು ಕಂಪನಿ ಬರುತ್ತಿತ್ತು. ಬಿದಿರು, ತಗಡು, ಪರದೆ ಕಟ್ಟಿ ಕ್ಯಾಂಪ್ ಹಾಕುತ್ತಿತ್ತು. ಕಲೆಕ್ಷನ್ ಇರುವವರೆಗೆ ಇದ್ದು ಮುಂದಿನ ಊರಿಗೆ ಹೋಗುತ್ತಿತ್ತು. ಹಾಗಾಗಿ ಪಕ್ಕಾ ನಾಟಕದ ಮನೆ ಕಟ್ಟುವ ಜರೂರು ಯಾರಿಗೂ ಇರಲಿಲ್ಲ. ಈ ಊರಿನ ಸಾಹುಕಾರರೊಬ್ಬರು ಕಟ್ಟಿಸಿದರು. ಹತ್ತಿ ವ್ಯಾಪಾರದ ಮನೆತನ. ಕಂಪನಿ ತಿಂಗಳುಗಟ್ಟಲೆ ಊರಲ್ಲೇ ಇದ್ದರೆ ಸಂತೆಗೂ ಅಂಗಡಿಗೂ ಲಾಭ ಎನ್ನುವುದು ಅವರ ಲೆಕ್ಕ.

ಕಟ್ಟಡ ಸರಳ. 80 ಅಡಿ ಉದ್ದ, 40 ಅಡಿ ಅಗಲದ ಹಾಲ್. ಕಲ್ಲು ಮತ್ತು ಗಾರೆಯ ದಪ್ಪ ಗೋಡೆ. ಮೇಲೆ ರಿವಿಟ್ ಹೊಡೆದ ಕಬ್ಬಿಣದ ಟ್ರಸ್, ಅಂದರೆ ಚಾವಣಿ ಹೊರುವ ಚೌಕಟ್ಟು, ಅದರ ಮೇಲೆ ತಗಡು. ನೆಲಕ್ಕೆ ಶಹಾಬಾದಿ ಫರಸಿ. ಒಂದು ತುದಿಗೆ ಮರದ ಹಲಗೆಯ ರಂಗ. ರಂಗದ ನಡುವೆ ಒಂದು ಚೌಕದ ಬಾಗಿಲು. ಸೀತೆಯನ್ನು ಭೂಮಿಗೆ ಇಳಿಸಲು, ರಾಕ್ಷಸರನ್ನು ಮೇಲೆ ಎಬ್ಬಿಸಲು ಅದೇ ದಾರಿ.

ಆಮೇಲೆ ಕಾಲ ಬದಲಾಯಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ನಾಲೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗೆ ನೀರು ತಂದಿತು. ಯೋಜನೆಯಲ್ಲಿ ಇದ್ದದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆ. ರೈತರು ಹಾಕಿದ್ದು ಬತ್ತ. ಕರಾವಳಿ ಆಂಧ್ರದಿಂದ ರೈತರು ಬಂದು ಜಮೀನು ಕೊಂಡು ಕ್ಯಾಂಪು ಎಂದು ಕರೆಯುವ ತಮ್ಮ ಊರುಗಳನ್ನು ಕಟ್ಟಿಕೊಂಡರು. ಕೈಯಲ್ಲಿ ದುಡ್ಡು ಓಡಾಡತೊಡಗಿತು. ನಾಟಕದ ಹಾಲ್ ಟಾಕೀಸ್ ಆಯಿತು. ಹಿಂಬದಿಯಲ್ಲಿ ಪ್ರೊಜೆಕ್ಟರ್ ಕೋಣೆ ಎದ್ದಿತು, ಒಂದು ಸಣ್ಣ ಬಾಲ್ಕನಿ ಬಂತು. ಬೆಳಗ್ಗೆ ಕನ್ನಡ ಸಿನಿಮಾ, ಸಂಜೆ ತೆಲುಗು ಸಿನಿಮಾ. ಸುಗ್ಗಿಯಲ್ಲಿ ಟಿಕೆಟ್ ಸಿಗುತ್ತಿರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಡಿಜಿಟಲ್ ಪ್ರೊಜೆಕ್ಷನ್ ಬಂದ ಮೇಲೆ ಥೇಟರ್ ಕುಂಟುತ್ತಾ ನಡೆಯಿತು. 2020ರ ಮಾರ್ಚ್‌ನಲ್ಲಿ ದೇಶದ ಎಲ್ಲ ಥೇಟರುಗಳ ಜೊತೆ ಬಂದಾಯಿತು. ಅಕ್ಟೋಬರ್‌ನಲ್ಲಿ ಬೇರೆಯವು ತೆರೆದವು. ಇದು ತೆರೆಯಲಿಲ್ಲ.

ಸಹಿ ಬೀಳದ ಕಾಗದ

ಮನೆತನದಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಅಕ್ಕ. ಅಣ್ಣನಿಗೆ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟುವ ಆಸೆ. ಬಸ್ ಸ್ಟ್ಯಾಂಡ್ ಹತ್ತಿರದ ಜಾಗ, ಮಳಿಗೆ ಬಾಡಿಗೆ ಒಳ್ಳೆಯದೇ ಬರುತ್ತಿತ್ತು. ತಮ್ಮನಿಗೆ ಮನಸ್ಸು ಹಾಗೂ ಇತ್ತು, ಹೀಗೂ ಇತ್ತು. ಊರಿನ ನಾಟಕ ಸಂಘದವರು ಬಂದು 'ಉಳಿಸಿರಿ' ಎಂದರು. ಅವರ ಹತ್ತಿರ ಮನವಿ ಪತ್ರ ಇತ್ತು, ದುಡ್ಡು ಇರಲಿಲ್ಲ.

ಕಟ್ಟಡ ಉಳಿದದ್ದು ಸಂಘದ ಮನವಿಯಿಂದ ಅಲ್ಲ. ಅಕ್ಕ ಸಹಿ ಹಾಕಲಿಲ್ಲ, ಅದಕ್ಕೇ ಉಳಿಯಿತು. ತಂದೆ ತೀರಿಕೊಂಡಿದ್ದು 2005ಕ್ಕಿಂತ ಮೊದಲು. ಹೆಣ್ಣುಮಗಳಿಗೆ ಸಮಪಾಲು ಇಲ್ಲ ಎಂದೇ ಅಣ್ಣತಮ್ಮಂದಿರು ನಂಬಿಕೊಂಡಿದ್ದರು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಂಬಿಕೆಯನ್ನು ತೆಗೆದುಹಾಕಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದಿತು. ಈ ಮನೆಯಲ್ಲಿ ಹಿಂದೆ ಪಾಲು ಆಗಿರಲಿಲ್ಲ. ವಕೀಲರು ಕಾಗದ ನೋಡಿ, ಅಕ್ಕನ ಸಹಿ ಇಲ್ಲದೆ ಒಂದು ಇಟ್ಟಿಗೆಯನ್ನೂ ತೆಗೆಯಬೇಡಿ ಎಂದರು.

ಅಕ್ಕನಿಗೆ ಥೇಟರ್ ಮೇಲೆ ಮಮತೆ ಇತ್ತು ಎಂದುಕೊಳ್ಳಬೇಡಿ. ನನಗೆ ನೇರವಾಗಿಯೇ ಹೇಳಿದರು: "ನಂಗ ಆ ಥೇಟರ್ ಮ್ಯಾಲೆ ಏನೂ ಪ್ರೀತಿ ಇಲ್ರಿ. ಸಣ್ಣಾಕಿ ಇದ್ದಾಗ ಒಳಗ ಬಿಟ್ಟಿದ್ದೇ ಇಲ್ಲ. ಆದ್ರ ಮಾರಿದ ರೊಕ್ಕ ಒಂದ್ ಸಲ ಬಂದು ಹೋಗ್ತದ. ನನಗ ತಿಂಗಳಾ ಬರೋದು ಬೇಕು." ಅವರಿಗೆ ಬೇಕಾದದ್ದು ಖಾಯಂ ಬಾಡಿಗೆ. ಹಳೆ ಕಟ್ಟಡ ಉಳಿಸುವ ಮಾತು ಬಂದಾಗ ನಾವು ಸುಮ್ನೆ ಭಾವನೆಯ ಮಾತು ಜಾಸ್ತಿ ಆಡುತ್ತೇವೆ. ಇಲ್ಲಿ ಕೆಲಸ ಶುರುವಾದದ್ದು ಈ ತಿಂಗಳ ಬಾಡಿಗೆಯ ಲೆಕ್ಕದಿಂದ.

1345 ಯಾವ 1345?

ಈ ನಡುವೆ ನಾಟಕ ಸಂಘದವರಿಗೆ ಒಂದು ಕಾಗದ ಸಿಕ್ಕಿತು. ಮನೆಯ ಹಳೆ ಪೆಟ್ಟಿಗೆಯಲ್ಲಿ ಇದ್ದ ಉರ್ದು ಇಜಾಜತ್‌ನಾಮಾ, ಅಂದರೆ ಕಟ್ಟಡಕ್ಕೆ ಕೊಟ್ಟ ಪರವಾನಗಿ. ಅದರಲ್ಲಿ ಸನ್ 1345 ಎಂದು ಇತ್ತು. ಹಿಜರಿ 1345 ಅಂದರೆ 1926-27. ಸಂಘದ ಹುಡುಗರು ಖುಷಿಯಾದರು. ಇನ್ನೇನು ನೂರು ವರ್ಷ ತುಂಬುತ್ತದೆ, ಸ್ಮಾರಕ ಎಂದು ಅರ್ಜಿ ಹಾಕೋಣ, ಸರ್ಕಾರದ ದುಡ್ಡು ಬರುತ್ತದೆ ಎಂದರು. ಅಲ್ಲಿಯವರೆಗೆ ಗೋಡೆಗೆ ಕೈ ಹಚ್ಚುವುದು ಬೇಡ ಎಂದೂ ಹೇಳಿದರು.

ಇಲ್ಲಿ ನಿಂತು ಯೋಚಿಸಬೇಕಾಯಿತು. ನಿಜಾಮರ ಆಡಳಿತದಲ್ಲಿ ಎರಡು ಲೆಕ್ಕದ ವರ್ಷಗಳು ಓಡುತ್ತಿದ್ದವು. ಒಂದು ಹಿಜರಿ, ಚಂದ್ರಮಾನದ್ದು. ಇನ್ನೊಂದು ಫಸಲಿ, ಕಂದಾಯದ್ದು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿಗೆ ಶುರು. ಫಸಲಿಗೆ 590 ಅಥವಾ 591 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1345 ಅಂದರೆ 1935-36. ಎರಡರ ನಡುವೆ ಒಂಬತ್ತು ವರ್ಷದ ಅಂತರ.

ಕಾಗದದ ಅಕ್ಷರ ಶಿಕಸ್ತಾ. ಗೀಚಿದಂಥ ಓಟದ ಬರಹ, ಉರ್ದು ಬಲ್ಲ ಹುಡುಗರಿಗೂ ಓದಲು ಬರಲಿಲ್ಲ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲೇ ಕಲಿತ ಹಿರಿಯರೊಬ್ಬರು ಊರಲ್ಲಿ ಇನ್ನೂ ಇದ್ದರು. ಮನೆಮಾತು ಕನ್ನಡ, ಲಿಂಗಾಯತ ಮನೆ, ಲೆಕ್ಕಪತ್ರ ಎಲ್ಲ ಉರ್ದು. ಭೂತಗನ್ನಡಿ ಹಿಡಿದು ತಿಂಗಳ ಹೆಸರು ಓದಿದರು: ಖುರ್ದಾದ್. ಹಿಜರಿ ಆಗಿದ್ದರೆ ಮೊಹರಂ, ಸಫರ್, ರಂಜಾನ್ ಇಂಥ ಹೆಸರು ಇರಬೇಕು. ಆಜರ್, ದೈ, ಬಹಮನ್, ಖುರ್ದಾದ್ ಎನ್ನುವವು ಹೈದರಾಬಾದಿನ ಫಸಲಿ ತಿಂಗಳುಗಳು. ಖುರ್ದಾದ್ ಆ ವರ್ಷದ ಏಳನೆಯ ತಿಂಗಳು. ಲೆಕ್ಕ ಹಾಕಿದರೆ 1936ರ ಏಪ್ರಿಲ್ ಹೊತ್ತು.

ಅಲ್ಲಿಗೆ ನೂರು ವರ್ಷದ ಮಾತು ಒಂಬತ್ತು ವರ್ಷ ಮುಂದಕ್ಕೆ ಹೋಯಿತು. ಸಂಘದವರಿಗೆ ಬೇಜಾರಾಯಿತು. ನನಗೆ ಮಾತ್ರ ಇದು ಪ್ರಕರಣದ ಮೊದಲ ಒಳ್ಳೆ ತಿರುವು ಎನಿಸಿತು. ಗೋಡೆಗೆ ಅಷ್ಟು ಕಾಲ ಇರಲಿಲ್ಲ. ಹಣೆಪಟ್ಟಿಗೆ ಕಾಯುವ ಬದಲು ಕಟ್ಟಡವನ್ನು ನೋಡೋಣ ಎಂದು ಎಲ್ಲರೂ ಒಪ್ಪಿದರು. ನಿಜಾಮ ಸೀಮೆಯ ಕಟ್ಟಡಗಳಲ್ಲಿ ಕೆಲಸ ಮಾಡುವವರು ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ: ವರ್ಷದ ಅಂಕಿ ನೋಡುವ ಮೊದಲು ತಿಂಗಳ ಹೆಸರು ಓದಿಸಿ.

ಗೋಡೆಯ ಕಾಯಿಲೆ

ಹೊರಗಿನಿಂದ ಕಾಣುತ್ತಿದ್ದದ್ದು ಇಷ್ಟು. ಗೋಡೆಯ ಕೆಳಭಾಗ ಆಳೆತ್ತರಕ್ಕೆ ಒದ್ದೆ. ಗಿಲಾವು ಉಬ್ಬಿ ಉದುರುತ್ತಿತ್ತು. ಬಿಳಿ ಉಪ್ಪು ಹತ್ತಿಯಂತೆ ಅರಳಿತ್ತು. ಈಶಾನ್ಯ ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು.

ನಾವು ಬರುವ ಮೊದಲೇ ಎರಡು ಸಲ ರಿಪೇರಿ ಆಗಿತ್ತು. 1980ರ ದಶಕದಲ್ಲಿ ತಂದೆಯ ಕಾಲದಲ್ಲೇ ಕೆಳಗಿನ ನಾಲ್ಕು ಅಡಿಗೆ ಸಿಮೆಂಟ್ ಗಿಲಾವು ಬಿದ್ದಿತ್ತು. ಆಮೇಲೆ ಅಣ್ಣ ಅದರ ಮೇಲೆ ವಾಟರ್‌ಪ್ರೂಫ್ ಎನ್ನುವ ಬಣ್ಣ ಹೊಡೆಸಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದಿತು. ಕಂಟ್ರಾಕ್ಟರ್ ಮೂರನೇ ಸಲಕ್ಕೆ ಆರು ಅಡಿವರೆಗೆ ಸಿಮೆಂಟ್ ಬೇಕೆಂದ. ಅಣ್ಣನಿಗೆ ಇದು ಸರಿ ಎನಿಸಿತ್ತು. ಒದ್ದೆ ಮೇಲೆ ಹೋದರೆ ಸಿಮೆಂಟೂ ಮೇಲೆ ಹೋಗಬೇಕು, ಅಲ್ವಾ?

ಆದದ್ದು ತಿರುಗುಮುರುಗು. ಕಲ್ಲು ಮತ್ತು ಗಾರೆಯ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆಯುತ್ತಲೇ ಇರುತ್ತದೆ. ಸುಣ್ಣದ ಗಿಲಾವು ಇದ್ದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಸಿಮೆಂಟ್ ಹಚ್ಚಿದರೆ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡ ಹಾಗೆ. ಆರಲು ದಾರಿ ಇಲ್ಲದೆ ನೀರು ಮೇಲಕ್ಕೆ ಏರುತ್ತದೆ, ಸಿಮೆಂಟ್ ಎಲ್ಲಿ ಮುಗಿಯುತ್ತದೋ ಅಲ್ಲಿ ಹೊರಬರುತ್ತದೆ. ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ಉಪ್ಪು ಹರಳುಗಟ್ಟುವಾಗ ಕಲ್ಲಿನ ಮುಖವನ್ನೇ ಒಡೆಯುತ್ತದೆ. ನಾಲ್ಕು ಅಡಿ ಸಿಮೆಂಟ್ ಹಾಕಿದ್ದಕ್ಕೇ ಒದ್ದೆ ಆರು ಅಡಿಗೆ ಹೋಗಿತ್ತು.

ಇಷ್ಟು ಎಲ್ಲ ಹಳೆ ಗೋಡೆಗೂ ಒಪ್ಪುವ ಮಾತು. ಆದರೆ ಇಷ್ಟೊಂದು ನೀರು ಎಲ್ಲಿಂದ ಬಂತು ಎನ್ನುವುದು ಈ ಸೀಮೆಯ ಮಾತು. 1936ರಲ್ಲಿ ಇಲ್ಲಿ ಕಟ್ಟಿದವರು ಒಣ ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಕಟ್ಟಿದರು. ಜೋಳ, ಹತ್ತಿಯ ಹೊಲ. ಬಾವಿಯಲ್ಲಿ ನೀರು ಆಳದಲ್ಲಿತ್ತು. ನಾಲೆ ಬಂದ ಮೇಲೆ ಸುತ್ತ ಬತ್ತದ ಗದ್ದೆಗಳಾದವು. ವರ್ಷದಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲತೊಡಗಿತು. ಎರಿ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ನೆಲದೊಳಗಿನ ನೀರು ಮೇಲೆ ಬಂತು, ಜೊತೆಗೆ ಉಪ್ಪೂ ಬಂತು. ಈ ನಾಲೆ ಸೀಮೆಯಲ್ಲಿ ಎಷ್ಟೋ ಜಮೀನು ಸವಳಾಗಿದ್ದು ಇದೇ ಕಾರಣಕ್ಕೆ. ಹೊಲದ ಸವಳು ಎಲ್ಲರಿಗೂ ಕಾಣುತ್ತದೆ. ಗೋಡೆಯದೂ ಅದೇ ಸವಳು ಎಂದು ಯಾರಿಗೂ ಹೊಳೆದಿರಲಿಲ್ಲ. ಥೇಟರಿಗೆ ಜನ ತುಂಬಿಸಿದ ನೀರೇ ಅದರ ಬುನಾದಿಗೂ ಬಂದಿತ್ತು.

ಇನ್ನೊಂದು ಕಾರಣ ರಸ್ತೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿತ್ತು. ಹಾಲಿನ ನೆಲ ಈಗ ರಸ್ತೆಗಿಂತ ಒಂದೂವರೆ ಅಡಿ ಕೆಳಗೆ. ಹಿಂದಿನ ಚರಂಡಿ ಹೂಳು ತುಂಬಿ ಗೋಡೆಗೇ ನೀರು ಕೊಡುತ್ತಿತ್ತು.

ಕಾಯುವ ತೀರ್ಮಾನ

ಗೋಡೆ ಪಕ್ಕ ಗುಂಡಿ ತೋಡಿ ನೋಡಿದೆವು. ಬುನಾದಿ ಐದು ಅಡಿ, ಎರಿ ಮಣ್ಣಿನಲ್ಲೇ ನಿಂತಿದೆ. ನಾಲೆ ಹರಿಯುವಾಗ ಗುಂಡಿಯ ತಳದಲ್ಲಿ ನೀರು. ಬೇಸಿಗೆಯಲ್ಲಿ ನಾಲೆ ಬಂದಾದ ಮೇಲೆ ನೀರು ಇಳಿಯಿತು, ಮಣ್ಣು ಕುಗ್ಗಿ ಸೀಳಿತು. ಎರಿ ಮಣ್ಣಿನ ಗುಣವೇ ಅದು. ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈಶಾನ್ಯದ ಬಿರುಕು ಈ ಉಬ್ಬು-ಕುಗ್ಗಿನ ಜೊತೆ ಆಡುತ್ತಿದೆಯೋ ಅಥವಾ ಬರೀ ಹಳೆಯದೋ ಎಂದು ತಿಳಿಯಬೇಕಿತ್ತು. ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದೆವು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಅಷ್ಟೇ, ದೊಡ್ಡ ಯಂತ್ರ ಬೇಕಿಲ್ಲ.

ನಾಲೆ ತೆರೆದಾಗ ಹೇಗಿದೆ, ಮುಚ್ಚಿದಾಗ ಹೇಗಿದೆ ಎರಡೂ ನೋಡದೆ ಕೆಲಸ ಬೇಡ ಎಂದೆ. ಮೂರೂ ಜನ ಮುನಿಸಿಕೊಂಡರು. ಅಣ್ಣ, "ಸರ್, ನೀವು ರಿಪೇರಿಗೆ ಬಂದ್ರೋ ಗ್ವಾಡಿಗೆ ಜಾತಕ ಬರಿಯಾಕ ಬಂದ್ರೋ?" ಎಂದರು. ತಮ್ಮ ಮಾತ್ರ ಪ್ರತಿ ವಾರ ಹೋಗಿ ಗಾಜು ನೋಡಿ ಫೋಟೋ ಕಳಿಸತೊಡಗಿದರು. ಅದುವರೆಗೆ ಹಾಗೂ ಹೀಗೂ ಇದ್ದ ಮನುಷ್ಯ ಈ ಕೆಲಸ ಹಚ್ಚಿಕೊಂಡಿದ್ದು ಅಲ್ಲಿಂದ.

ನಾಲೆಗೆ ನೀರು ಬಿಟ್ಟು ಕೆಲವು ವಾರಕ್ಕೆ ಗಾಜು ಒಡೆಯಿತು. ಬಿರುಕು ಜೀವಂತ ಎಂದು ಗೊತ್ತಾಯಿತು. ಈ ಒಂದು ಸಂಗತಿಯಿಂದ ಇಡೀ ಯೋಜನೆ ಬದಲಾಯಿತು. ಮೊದಲಿನ ಲೆಕ್ಕದಲ್ಲಿ ಗೋಡೆಗೆ ಒತ್ತಿಕೊಂಡೇ ಆಳವಾದ ಬಸಿಗಾಲುವೆ ತೆಗೆಯುವುದಿತ್ತು. ಹಾಗೆ ಮಾಡಿದ್ದರೆ ಬುನಾದಿ ಕೆಳಗಿನ ಎರಿ ದಿಢೀರನೆ ಒಣಗಿ ಕುಗ್ಗಿ, ಬಿರುಕು ಇನ್ನೂ ಅಗಲವಾಗುತ್ತಿತ್ತು. ಎರಿ ಭೂಮಿಯಲ್ಲಿ ನೀರು ತೆಗೆಯುವುದಕ್ಕಿಂತ ನೀರು ಒಂದೇ ಸಮ ಇರುವಂತೆ ನೋಡಿಕೊಳ್ಳುವುದು ಮುಖ್ಯ. ಕಾಲುವೆಯನ್ನು ಗೋಡೆಯಿಂದ ಎಂಟು ಅಡಿ ದೂರ ಒಯ್ದೆವು, ಆಳ ಕಡಿಮೆ ಮಾಡಿದೆವು, ಜಲ್ಲಿ ತುಂಬಿದೆವು. ಕೊನೆಗೆ ಒಂದು ಸಂಪು, ಅದಕ್ಕೆ ಸಣ್ಣ ಪಂಪು. ಗೋಡೆಗೂ ಕಾಲುವೆಗೂ ನಡುವಿನ ಜಾಗಕ್ಕೆ ಮರಳಿನ ಮೇಲೆ ಫರಸಿ ಹಾಸಿ ಹೊರಗೆ ಇಳಿಜಾರು ಕೊಟ್ಟೆವು. ಮಳೆ ನೀರು ಬುನಾದಿಗೆ ಇಳಿಯಬಾರದು, ನೆಲ ಅಲುಗಾಡಿದರೂ ಫರಸಿ ಒಡೆಯಬಾರದು. ಕಾಂಕ್ರೀಟ್ ಹಾಕಿದ್ದರೆ ಸೀಳುತ್ತಿತ್ತು.

ಹಾಲಿನ ನೆಲಕ್ಕೆ ಮಣ್ಣು ತುಂಬಿ ರಸ್ತೆ ಮಟ್ಟಕ್ಕೆ ಏರಿಸೋಣ ಎನ್ನುವ ಸಲಹೆಯೂ ಬಂದಿತ್ತು. ಅಗ್ಗದ್ದು, ಬೇಗ ಆಗುವಂಥದ್ದು. ಆದರೆ ನೆಲ ಏರಿದರೆ ರಂಗ ಕುಳ್ಳಾಗುತ್ತದೆ. ಹಿಂದೆ ಕೂತವರಿಗೆ ನಟರ ಕಾಲೇ ಕಾಣುವುದಿಲ್ಲ. ಬೇಡ ಎಂದೆವು. ಬಾಗಿಲಿಗೆ ಇಳಿಜಾರು ದಾರಿ ಮಾಡಿ, ಅಡ್ಡಕ್ಕೆ ಕಬ್ಬಿಣದ ಜಾಲರಿಯ ಚರಂಡಿ ಕೊಟ್ಟೆವು.

ಸುಣ್ಣ

ಸಿಮೆಂಟ್ ಗಿಲಾವು ಪೂರ್ತಿ ಕಿತ್ತೆವು. ಒಂದು ಬೇಸಿಗೆ ಗೋಡೆಯನ್ನು ಬೆತ್ತಲೆ ಬಿಟ್ಟೆವು. ಊರಿಗೆ ಊರೇ ನಕ್ಕಿತು. ಹಳೆ ಥೇಟರನ್ನು ಇನ್ನಷ್ಟು ಹಳೇದು ಮಾಡ್ಯಾರ ಎಂದರು. ರಾಯಚೂರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಆಮೇಲೆ ಮೊದಲು ಹಚ್ಚಿದ್ದು ಉಳಿಯುವ ಗಿಲಾವು ಅಲ್ಲ. ಸುಣ್ಣ, ಮರಳು ಕಲಸಿದ ಸಡಿಲ ಗಿಲಾವು. ಗೋಡೆಯೊಳಗಿನ ಉಪ್ಪು ಇದರೊಳಕ್ಕೆ ಬರಬೇಕು, ಆಮೇಲೆ ಇದನ್ನು ಕಿತ್ತು ದೂರ ಒಯ್ದು ಚೆಲ್ಲಬೇಕು. ಕಿತ್ತು ಎಸೆಯಲೆಂದೇ ಗಿಲಾವು ಮಾಡಿಸುವುದು ಎಂದರೆ ದುಡ್ಡು ಕೊಡುವವರಿಗೆ ಒಪ್ಪಿಸುವುದು ಸುಲಭವಲ್ಲ. ಅಕ್ಕನೇ ಒಪ್ಪಿದರು. ಉಪ್ಪಿನಕಾಯಿ ಹಾಕುವವರಿಗೆ ಉಪ್ಪು ನೀರು ಎಳೆಯುವುದು ಗೊತ್ತಿಲ್ಲವೇ ಎಂದು ನಕ್ಕರು.

ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗುವುದೇ ಕಷ್ಟ. ಸಿಕ್ಕವರು ವಯಸ್ಸಾದವರು, ಗುಡಿ ಕೆಲಸ ಮಾಡಿದವರು. ಬೆಲ್ಲದ ನೀರು ಬೇಕು, ಅಳಲೆಕಾಯಿ ಬೇಕು ಎಂದರು. ಸಂಘದವರು ಇನ್ನೂ ಮುಂದೆ ಹೋಗಿ ಮೊಟ್ಟೆ ಎಂದರು. ಹಳೆ ಕಾಲದ ಪಾಕ ಎಂದರೆ ಎಲ್ಲರಿಗೂ ಭಕ್ತಿ ಬಂದುಬಿಡುತ್ತದೆ. ನಾವು ಹಿಂದಿನ ಗೋಡೆಯಲ್ಲಿ ಮೂರು ಬೇರೆ ಬೇರೆ ತುಣುಕು ಹಚ್ಚಿ ಒಂದು ಮಳೆಗಾಲ ಬಿಟ್ಟೆವು. ಇಟ್ಟಿಗೆ ಪುಡಿ, ಅಂದರೆ ಸುರ್ಕಿ, ಹಾಕಿದ ತುಣುಕು ಗಟ್ಟಿ ನಿಂತಿತು. ಸುರ್ಕಿ ಇದ್ದರೆ ಸುಣ್ಣ ತೇವದಲ್ಲೂ ಬಿಗಿಯುತ್ತದೆ. ಬೆಲ್ಲ ಹಾಕಿದ ತುಣುಕಿಗೂ ಹಾಕದ್ದಕ್ಕೂ ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಆದರೂ ಗೌಂಡಿ ಕೊನೆಯ ಪದರಕ್ಕೆ ಸ್ವಲ್ಪ ಬೆಲ್ಲದ ನೀರು ಹಾಕಿದರು, ನಾವು ತಡೆಯಲಿಲ್ಲ. ಅವರ ಕೈಗೆ ನಂಬಿಕೆ ಇದ್ದರೆ ಕೆಲಸ ಚೆನ್ನಾಗಿ ಬರುತ್ತದೆ.

ನಾಟಕದ ಮನೆಯೋ ಟಾಕೀಸೋ

ದೊಡ್ಡ ಜಗಳ ಬಿದ್ದದ್ದು ಇಲ್ಲಿ. ಸಂಘದವರ ಪ್ರಕಾರ ನಿಜವಾದ ಕಟ್ಟಡ 1936ರದು. ಪ್ರೊಜೆಕ್ಟರ್ ಕೋಣೆ, ಬಾಲ್ಕನಿ ಎರಡೂ ಆಮೇಲೆ ಅಂಟಿಕೊಂಡವು, ಕೆಡವಬೇಕು. ಊರಿನ ಬಹುಪಾಲು ಜನರ ನೆನಪು ಬೇರೆ. ಅವರಿಗೆ ಇದು ಟಾಕೀಸು. ಕ್ಯಾಂಪಿನ ತೆಲುಗು ಮನೆಯವರಿಗಂತೂ ಊರಿನ ಜೊತೆ ಬೆಸೆದ ಮೊದಲ ಜಾಗವೇ ಇದು.

ಪ್ರೊಜೆಕ್ಟರ್ ಕೋಣೆಯ ಒಳಗೆ ನೋಡಿದರೆ ಕೆಡವಲು ಮನಸ್ಸು ಬರುವಂತಿರಲಿಲ್ಲ. ಗೋಡೆ ಗಜದ ಹತ್ತಿರ ದಪ್ಪ. ಸಣ್ಣ ಕಿಂಡಿಗಳು, ಅವುಗಳ ಮೇಲೆ ಬೀಳುವ ಕಬ್ಬಿಣದ ಮುಚ್ಚಳಗಳು. ಹಳೆ ನೈಟ್ರೇಟ್ ಫಿಲಂ ಹೊತ್ತಿಕೊಂಡರೆ ಆರಿಸಲು ಆಗುತ್ತಿರಲಿಲ್ಲ. ಬೆಂಕಿ ಹಾಲಿಗೆ ಬರದಂತೆ ಮುಚ್ಚಳ ಬೀಳಿಸುವುದೊಂದೇ ದಾರಿ. ಕಾರ್ಬನ್ ಕಡ್ಡಿಯ ದೀಪದ ಹೊಗೆ ಹೋಗಲು ಮೇಲೊಂದು ಚಿಮಣಿ. ಇದೂ ಇತಿಹಾಸವೇ ಎಂದು ನಾನು ವಾದ ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜಗಳ ಬಿಡಿಸಿದ್ದು ಲೈಟಿಂಗ್ ಮಾಡುವ ಒಬ್ಬ ಹುಡುಗ. ಸಂಘದವನೇ. ಬೆಳಕು, ಸೌಂಡ್ ನಡೆಸಲು ರಂಗದ ಎದುರಿಗೆ, ಎತ್ತರದಲ್ಲಿ, ಪ್ರೇಕ್ಷಕರಿಗೆ ಅಡ್ಡ ಬರದ ಕೋಣೆ ಬೇಕು ಎಂದ. ಹೊಸದಾಗಿ ಕಟ್ಟಿದರೂ ಅಲ್ಲೇ ಕಟ್ಟಬೇಕಲ್ಲ ಎಂದ. ಪ್ರೊಜೆಕ್ಟರ್ ಕೋಣೆ ಉಳಿಯಿತು. ಇತಿಹಾಸದ ವಾದಕ್ಕಿಂತ ಉಪಯೋಗದ ವಾದಕ್ಕೆ ಜನ ಬೇಗ ಕಿವಿ ಕೊಡುತ್ತಾರೆ.

ರಂಗದ ಹಲಗೆ ಎತ್ತುವಾಗ ಊರಿನ ಹಿರಿಯರು ಸೇರಿದ್ದರು. ದನಿ ಮೊಳಗಲೆಂದು ಕೆಳಗೆ ಮಣ್ಣಿನ ಮಡಕೆಗಳನ್ನು ಹೂತಿದ್ದಾರೆ ಎನ್ನುವುದು ಊರ ನಂಬಿಕೆ. ಒಂದೂ ಇರಲಿಲ್ಲ. ಬೀಡಿ ತುಂಡು, ಟಿಕೆಟ್ ಚೂರು, ಒಂದು ಮುರಿದ ಗದೆ ಸಿಕ್ಕವು. ಗೆದ್ದಲು ಅರ್ಧ ತೊಲೆ ತಿಂದಿತ್ತು. ತೊಲೆ ಬದಲಿಸಿ, ಟೊಳ್ಳು ಹಾಗೇ ಇಟ್ಟು, ಗಾಳಿ ಆಡಲು ಕಿಂಡಿ ಕೊಟ್ಟೆವು. ಚೌಕದ ಬಾಗಿಲೂ ಉಳಿಯಿತು.

ಖರ್ಚಿನ ಅರ್ಧದಷ್ಟು ಚಾವಣಿಯೇ ತಿಂದಿತು. 1970ರ ಹೊತ್ತಿಗೆ ತಗಡು ಹೋಗಿ ಸಿಮೆಂಟ್ ಶೀಟು ಬಂದಿತ್ತು. ಅದರಲ್ಲಿರುವುದು ಆಸ್ಬೆಸ್ಟಾಸ್. ಒಡೆದರೆ ಬರುವ ಧೂಳು ಪುಪ್ಪುಸಕ್ಕೆ ವಿಷ. ನೀರು ಚಿಮುಕಿಸಿ, ಮಾಸ್ಕ್ ಹಾಕಿಸಿ, ಒಡೆಯದಂತೆ ಇಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸಾಗಿಸಿದೆವು. ಟ್ರಸ್‌ಗಳು ಆಶ್ಚರ್ಯ ಪಡುವಷ್ಟು ಗಟ್ಟಿ ಇದ್ದವು.

ಒಳಗೆ ಒಂದು ಚಪ್ಪಾಳೆ ತಟ್ಟಿದರೆ ಸದ್ದು ಎರಡು ಸೆಕೆಂಡಿಗೂ ಜಾಸ್ತಿ ಸುತ್ತುತ್ತಿತ್ತು. ಮಾತಿನ ನಾಟಕಕ್ಕೆ ಒಂದು ಸೆಕೆಂಡಿನ ಸುತ್ತಮುತ್ತ ಇರಬೇಕು. ಜನ ತುಂಬಿದರೆ ಅವರ ಮೈ, ಬಟ್ಟೆಯೇ ಒಂದಷ್ಟು ಸದ್ದು ಹೀರುತ್ತದೆ. ಉಳಿದದ್ದಕ್ಕೆ ಬಿದಿರಿನ ತಟ್ಟಿ ಕಟ್ಟೋಣ ಎಂದುಕೊಂಡಿದ್ದೆವು. ಬೆಂಕಿಯ ನಿಯಮಕ್ಕೆ ಅದು ಒಪ್ಪಲಿಲ್ಲ. ತೂತಿನ ತಗಡಿನ ಹಿಂದೆ ರಾಕ್‌ವೂಲ್, ಅಂದರೆ ಕಲ್ಲಿನ ಉಣ್ಣೆಯ ಹಾಸು ಇಟ್ಟೆವು. ಚೆಂದ ಕಡಿಮೆ, ಕೆಲಸ ಆಗುತ್ತದೆ.

ಕರಾರು ಮತ್ತು ಆಮೇಲೆ

ಊರಿನ ಕೆಲವರು ಸೇರಿ ಟ್ರಸ್ಟ್ ಮಾಡಿಕೊಂಡರು. ಮೂರೂ ವಾರಸುದಾರರು ಹಾಲನ್ನು ಹತ್ತು ವರ್ಷಕ್ಕೆ ಟ್ರಸ್ಟಿಗೆ ಕೊಟ್ಟರು. ಮುಂಭಾಗದ ಮೂರು ಮಳಿಗೆ ಮನೆಯವರದೇ, ಬಾಡಿಗೆ ಸಮಪಾಲು. ಅಣ್ಣನಿಗೆ ಕಾಂಪ್ಲೆಕ್ಸ್ ಸಿಗದಿದ್ದರೂ ಮಳಿಗೆ ಸಿಕ್ಕಿತು. ಬಾಯಿಮಾತಿನ ಕರಾರು ಸಾಕೆಂದು ಮೊದಲು ಎಲ್ಲರೂ ಹೇಳಿದ್ದರು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ನೋಂದಣಿ ಆಗಲೇಬೇಕು. ನೋಂದಣಿ ಆದ ಕಾಗದ ಇದ್ದದ್ದಕ್ಕೇ ದಾನ ಕೊಡುವವರು ಮುಂದೆ ಬಂದರು. ಖಾಸಗಿ ಆಸ್ತಿಗೆ ಸರ್ಕಾರದ ದುಡ್ಡು ಬರುವುದು ಕಷ್ಟ. ಬಂದ ದುಡ್ಡೆಲ್ಲ ಊರಿನದು, ಕ್ಯಾಂಪುಗಳದು, ಅಕ್ಕಿ ಗಿರಣಿಗಳದು.

ತೆರೆದ ಮೇಲೆ ಎರಡು ಮಳೆಗಾಲ ಕಳೆದಿವೆ. ಒದ್ದೆ ಈಗ ಎರಡು ಅಡಿಗೆ ನಿಂತಿದೆ. ಪೂರ್ತಿ ಹೋಗಿಲ್ಲ, ನಾಲೆ ಇರುವವರೆಗೆ ಹೋಗುವುದೂ ಇಲ್ಲ. ಕೆಳಗಿನ ಗಿಲಾವನ್ನು ಕೆಲವು ವರ್ಷಕ್ಕೊಮ್ಮೆ ತೆಗೆದು ಹಚ್ಚಬೇಕು, ಅದಕ್ಕೆಂದೇ ಟ್ರಸ್ಟ್ ಹಣ ತೆಗೆದಿಡುತ್ತದೆ. ಈಶಾನ್ಯದ ಹೊಸ ಗಾಜು ಮೊದಲ ವರ್ಷ ಒಡೆಯಿತು, ಎರಡನೇ ವರ್ಷ ಒಡೆದಿಲ್ಲ. ಒಂದು ವರ್ಷ ನೋಡಿ ಗೆದ್ದೆವು ಎನ್ನಲು ಬರುವುದಿಲ್ಲ.

ಪ್ರೇಕ್ಷಕರಲ್ಲಿ ಹೆಂಗಸರು ಜಾಸ್ತಿಯಾಗಿದ್ದಾರೆ. ಕಾರಣ ನಾಟಕ ಅಲ್ಲ, ಶೌಚಾಲಯ. ಸ್ವಚ್ಛವಾದ ಶೌಚಾಲಯವನ್ನು ಎಸ್ಟಿಮೇಟಿನ ಮೊದಲ ಸಾಲಿನಲ್ಲಿ ಹಾಕಿಸಿದ್ದು ಅಕ್ಕ.

ನಾಟಕದಿಂದ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಟ್ರಸ್ಟ್ ಮದುವೆಗೂ, ನಿಶ್ಚಯಕ್ಕೂ ಹಾಲ್ ಕೊಡುತ್ತದೆ. ಒಳಗೆ ಅಡುಗೆ ಮಾಡುವಂತಿಲ್ಲ, ರಂಗದ ಮೇಲೆ ಮೊಳೆ ಹೊಡೆಯುವಂತಿಲ್ಲ. ಸಂಘದವರಿಗೆ ಇದು ಸಿಟ್ಟು. ಲಗ್ನದ ಸೀಸನ್‌ನಲ್ಲಿ ತಾಲೀಮಿಗೆ ಜಾಗ ಸಿಗುವುದಿಲ್ಲ ಎನ್ನುವ ಅವರ ದೂರು ನಿಜವೇ. ನನ್ನ ಮಟ್ಟಿಗೆ, ಬಾಗಿಲು ತೆರೆದು ಗಾಳಿ ಆಡುವ ಮದುವೆ ಹಾಲ್ ಬೀಗ ಹಾಕಿದ ರಂಗಮಂದಿರಕ್ಕಿಂತ ಗೋಡೆಗೆ ಒಳ್ಳೆಯದು.

ಕೊಪ್ಪಳ, ಬಳ್ಳಾರಿ ಕಡೆಯವರು ಇದೇ ವಿಧಾನ ತಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಗಂಗಾವತಿಯಂಥ ನಾಲೆ ಸೀಮೆಗೆ ಬಹುಪಾಲು ನಡೆಯುತ್ತದೆ. ಲಿಂಗಸುಗೂರು ಕಡೆಯ ಒಣ ಜಾಗಕ್ಕೆ ಬಸಿಗಾಲುವೆಯ ಮಾತೇ ಬೇಕಾಗದಿರಬಹುದು. ಬಳ್ಳಾರಿ ಪೇಟೆಯಲ್ಲಿ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆಯ ಸಮತಟ್ಟು ಚಾವಣಿ) ಇರುವ ಕಟ್ಟಡಗಳಿಗೆ ನೀರು ಮೇಲಿನಿಂದ ಬರುತ್ತದೆ, ಕಾಗದವೂ ಉರ್ದುವಿನಲ್ಲಿ ಇರುವುದಿಲ್ಲ. ಎಲ್ಲಿಯೇ 'ರಿಪೇರಿ' ಎಂದು ಕರೆದರೂ ನಾನು ಈಗ ಮೊದಲು ಕೇಳುವುದು ಮೂರು: ಸಹಿ ಯಾರ್ಯಾರದು ಬೇಕು, ನೀರು ಯಾವ ತಿಂಗಳು ಬರುತ್ತದೆ, ತಿಂಗಳ ಖರ್ಚು ಯಾರು ಕೊಡುತ್ತಾರೆ. ಬಣ್ಣದ ಮಾತು ಆಮೇಲೆ.

ಬಾಲ್ಕನಿ ಇನ್ನೂ ಮುಚ್ಚಿದೆ. ಅದರ ಕಬ್ಬಿಣದ ತೊಲೆಗಳು ಗೋಡೆಯೊಳಗೆ ಎಷ್ಟು ತುಕ್ಕು ಹಿಡಿದಿವೆ ಎಂದು ಬಿಚ್ಚಿ ನೋಡಬೇಕು. ಮುಂದಿನ ಬೇಸಿಗೆಯಲ್ಲಿ ನಾಲೆ ಬಂದಾದ ಮೇಲೆ ಅದಕ್ಕೆ ಕೈ ಹಾಕುವುದೆಂದು ತೀರ್ಮಾನವಾಗಿದೆ. ಖರ್ಚು ಟ್ರಸ್ಟಿನದೋ ಮನೆಯವರದೋ ಎನ್ನುವ ಮಾತುಕತೆ ನಡೆಯುತ್ತಿದೆ.